ಒಬ್ಬರೇ ಆಡುತ್ತಿದ್ದ ಲಿಫ್ಟಿನವರು

ಬಂದಳು! ನನ್ನ ಮೊಮ್ಮಗಳು ಇವತ್ತು ಬೆಳಿಗ್ಗೆ ಮನೆಗೆ ಬಂದಳು. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಮೂಗಿಗೆ ನಳಿಗೆ ಹಾಕಿಕೊಂಡು ಮಲಗಿದ್ದ ಹುಡುಗಿ ಈಗ ಇಲ್ಲಿ ಒಮಾನಿನಲ್ಲಿ, ರೂವಿ ಪೇಟೆಯ ನಮ್ಮ ಮನೆಯಲ್ಲಿ, ನನ್ನದೇ ಹಳೆಯ ಸೀರೆಯ ಮೆತ್ತೆಯ ಮೇಲೆ, ಎರಡೂ ಮುಷ್ಟಿ ಬಿಗಿಹಿಡಿದು, ಯಾರ ಮೇಲೋ ಕೋಪ ಬಂದವಳ ಹಾಗೆ ನಿದ್ದೆ ಮಾಡುತ್ತಿದ್ದಾಳೆ. ಬಣ್ಣ ಅಪ್ಪನದ್ದು. ಕಿವಿ ತೀರಿಹೋದ ನಮ್ಮ ಯಜಮಾನರದ್ದು. ಹಠ ಯಾರದ್ದು ಎಂದು ನಾನು ಹೇಳುವುದಿಲ್ಲ, ನೋಡಿದವರೇ ಹೇಳಲಿ. ಕರೆತಂದ ಟ್ಯಾಕ್ಸಿಯ ಒಮಾನಿ ಮುದುಕನಿಗೆ, ಕೆಳಗಿನ ಕಾವಲುಗಾರನಿಗೆ, ಎದುರಿನ ತರಕಾರಿ ಅಂಗಡಿಯವನಿಗೆ, ಮೆಟ್ಟಿಲಲ್ಲಿ ಸಿಕ್ಕಿದ ಗುರುತಿಲ್ಲದ ಹೆಂಗಸಿಗೆ, ಎಲ್ಲರಿಗೂ ಹೇಳಿ ಆಯಿತು. ಆ ಹೆಂಗಸಿಗೆ ನನ್ನ ಭಾಷೆ ತಿಳಿಯಲಿಲ್ಲ. ಆದರೂ ನನ್ನ ಕೈ ಹಿಡಿದುಕೊಂಡು ನಕ್ಕಳು. ಇಂಥ ಸುದ್ದಿಗೆ ಭಾಷೆ ಯಾಕೆ?

ಹೇಳಲಾಗದೆ ಉಳಿದದ್ದು ಒಬ್ಬರಿಗೆ. ನಮ್ಮ ಎದುರು ಬಾಗಿಲಿನ ಲಿಫ್ಟಿನವರಿಗೆ. ಈ ಬೇಸಗೆಯಲ್ಲಿ ಅವರು ತೀರಿಕೊಂಡರು.

ಅವರು ತೀರಿಕೊಂಡದ್ದು ನನ್ನ ಸೊಸೆ ಅಶ್ವಿನಿಗೆ ಇನ್ನೂ ಗೊತ್ತಿಲ್ಲ. ಆಗ ಅವಳು ಹೊಟ್ಟೆಯಲ್ಲಿ ಮಗು ಇಟ್ಟುಕೊಂಡು ಮಲಗಿದಲ್ಲೇ ಇದ್ದಳು. ಕೇಳಿ ಆಘಾತವಾದೀತೆಂದು ಮುಚ್ಚಿಟ್ಟೆವು. ಇವತ್ತು ಮಗು ಮನೆಗೆ ಬಂದಿದೆ, ಇನ್ನು ಮುಚ್ಚಿಡುವುದಕ್ಕೆ ನೆಪವಿಲ್ಲ. ಸಂಜೆ ಊಟಕ್ಕೆ ಕೂರುವ ಮುಂಚೆ ಹೇಳಿಬಿಡಬೇಕೆಂದು ನಾನೂ ಮಗ ದಿನೇಶನೂ ಮಾತಾಡಿಕೊಂಡಿದ್ದೇವೆ. ಹೇಳುವವಳು ನಾನು. ಎದೆಯಲ್ಲಿ ಸಂತೋಷವೂ ಅದೂ ಒಂದರ ಮೇಲೊಂದು ಕೂತು ಉಸಿರು ಕಟ್ಟಿದ ಹಾಗಾಗಿದೆ. ತಾಯಿ ಮಗು ಮಲಗಿದ ಈ ಹೊತ್ತಿನಲ್ಲಿ ಆ ಮನುಷ್ಯನ ಬಗ್ಗೆ ಬರೆದರೆ ಸಂಜೆ ನಾಲಿಗೆ ಹೊರಳೀತು ಎಂದು ಕೂತಿದ್ದೇನೆ. ಐದನೇ ಕ್ಲಾಸಿನವರೆಗೆ ಓದಿದವಳು ನಾನು. ತಪ್ಪಿದ್ದರೆ ನೀವೇ ತಿದ್ದಿ ಓದಿಕೊಳ್ಳಿ.

ಅವರು ಕುಂದಾಪುರದ ಕಡೆಯವರು. ಲಿಫ್ಟ್ ರಿಪೇರಿ ಕಂಪನಿಯಲ್ಲಿ ಬಹಳ ವರ್ಷ ಕೆಲಸ ಮಾಡಿ ನಿವೃತ್ತರಾದವರು. ಮದುವೆ ಇಲ್ಲ. ಯಾಕೆ ಆಗಲಿಲ್ಲ ಎಂದು ನಾನು ಬಾಯಿಬಿಟ್ಟೇ ಕೇಳಿದ್ದೆ. "ನಂದ್ ಲಿಫ್ಟ್ ಎರಡ್ ಮಾಳಿಗೆ ನಡೂಕೆ ಸಿಕ್ಕಿಬಿತ್ತ್ ಅಮ್ಮಾ, ಯಾರೂ ಬಟನ್ ಒತ್ತಲೇ ಇಲ್ಲೆ" ಎಂದು ನಕ್ಕು ಮಾತು ಮುಗಿಸಿದರು. ಊರಿನಲ್ಲಿ ಒಬ್ಬ ತಂಗಿ ಇದ್ದರು. ಅದಕ್ಕಿಂತ ಹೆಚ್ಚು ಅವರು ಹೇಳಲಿಲ್ಲ, ನಾನೂ ಕೆದಕಲಿಲ್ಲ.

ಜೀವಮಾನವಿಡೀ ಲಿಫ್ಟ್ ನೋಡಿಕೊಂಡವರು ತಾವು ಮಾತ್ರ ಲಿಫ್ಟ್ ಹತ್ತುತ್ತಿರಲಿಲ್ಲ. ಕೈಯಲ್ಲಿ ಮೀನಿನ ಚೀಲ, ಬಗಲಲ್ಲಿ ನೀರಿನ ಬಾಟಲಿ, ಮೆಟ್ಟಿಲು ಹತ್ತಿಯೇ ಬರುತ್ತಿದ್ದರು. ಕೇಳಿದರೆ, "ಡಾಕ್ಟ್ರು ತಾವ್ ಕೊಟ್ಟ ಮದ್ದ್ ತಾವೇ ಕುಡಿತ್ರಾ?" ಎನ್ನುತ್ತಿದ್ದರು. ನಮ್ಮದು ಹಳೆಯ ಕಟ್ಟಡ. ಲಿಫ್ಟ್ ಆಗಾಗ ನಡುವೆಯೇ ನಿಂತುಬಿಡುತ್ತದೆ. ನಿಂತರೆ ಕಂಪನಿಯವರು ಬರುವವರೆಗೆ ಇವರು ಬಾಗಿಲ ಹೊರಗೆ ನೆಲದ ಮೇಲೆ ಕೂತು ಒಳಗಿದ್ದವರ ಜೊತೆ ಮಾತಾಡುತ್ತಾ ಇರುತ್ತಿದ್ದರು. ಒಮ್ಮೆ ಸ್ಕೂಲಿನಿಂದ ಬಂದ ಮಕ್ಕಳು ಸಿಕ್ಕಿಬಿದ್ದು ಕಿರುಚುತ್ತಿದ್ದಾಗ, "ಹ್ವಾಯ್, ಒಳಗೆ ಎಷ್ಟ್ ಜನ ಕಳ್ಳರ್ ಇದ್ರಿ? ಒಬ್ಬೊಬ್ಬರೇ ಹೆಸರ್ ಹೇಳಿ ಕಾಂಬ" ಎಂದರು. ಒಳಗಿನಿಂದ ಅಳು ನಿಂತು ನಗು ಕೇಳಿಸಿತು.

ನಿವೃತ್ತರಾದ ಮೇಲೆ ಅವರ ಮನೆಯ ಬಾಗಿಲು ಮಧ್ಯಾಹ್ನದ ಹೊತ್ತು ಅರೆ ತೆರೆದಿರುತ್ತಿತ್ತು. ಒಳಗಿನಿಂದ ದಾಳ ಉರುಳುವ ಸದ್ದು. ಇಸ್ಪೀಟೋ ಜೂಜೋ ಇರಬೇಕು ಎಂದು ಮೊದಲು ಅಂದುಕೊಂಡೆ. ಆದರೆ ಜೂಜಿಗೆ ಜನ ಬೇಕಲ್ಲ, ಇವರೊಬ್ಬರೇ. ಒಂದು ದಿನ ಕಸದ ಚೀಲ ಹೊರಗಿಡಲು ಹೋದವಳು ಕಿವಿಗೊಟ್ಟು ನಿಂತೆ. ಒಳಗೆ ಅವರು ಗಟ್ಟಿಯಾಗಿ ಕೇಳುತ್ತಿದ್ದರು: "ಆ ಹುಡುಗಿ ನೀರ್ ಟ್ಯಾಂಕಿನ ಹತ್ರ ಹೋಯ್ದಾಳಾ?" ದಾಳ ಗಡಗಡ ಉರುಳಿತು. "ಹೌದು, ಆದ್ರೆ ಒಬ್ಳೇ ಅಲ್ಲ."

ನನಗೆ ಮೈ ಜುಮ್ಮೆಂದಿತು. ನಮ್ಮ ಕಡೆ ಮನೆಗೆ ಏನಾದರೂ ಕಷ್ಟ ಬಂದರೆ ಕವಡೆ ಹಾಕಿಸಿ ಪ್ರಶ್ನೆ ಇಡಿಸುತ್ತೇವೆ. ಕಳೆದದ್ದು ಎಲ್ಲಿ, ಕಾಯಿಲೆ ಯಾಕೆ, ಸಂತಾನ ಉಂಟೋ ಇಲ್ಲವೋ, ಎಲ್ಲ ಅದರಲ್ಲೇ ಕಾಣುತ್ತದೆ ಎಂದು ನಂಬಿದವಳು ನಾನು. ಎದುರು ಬಾಗಿಲಲ್ಲೇ ಪ್ರಶ್ನೆ ನೋಡುವವರು ಇದ್ದರೂ ಇಷ್ಟು ಕಾಲ ಗೊತ್ತಾಗಲಿಲ್ಲವಲ್ಲ! ಅಶ್ವಿನಿಗೆ ಎರಡು ಸಲ ಗರ್ಭ ನಿಂತು ಎರಡು ಸಲವೂ ಹೋಗಿತ್ತು. ಮನೆಯಲ್ಲಿ ಯಾರೂ ಆ ಮಾತು ಎತ್ತುತ್ತಿರಲಿಲ್ಲ. ಅವಳು ಆಫೀಸಿನಿಂದ ಬಂದವಳು ಒಗೆದ ಬಟ್ಟೆಯನ್ನೇ ಮತ್ತೆ ಮಡಚುತ್ತಾ ಕೂರುತ್ತಿದ್ದಳು.

ಮರುದಿನ ಮಿಂದು, ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಈ ದೇಶದ ಸಲಾಲಾ ಊರಿನ ತೆಂಗಿನಕಾಯಿ ಇಟ್ಟುಕೊಂಡು ಅವರ ಬಾಗಿಲು ತಟ್ಟಿದೆ. ಮೇಜಿನ ಮೇಲೆ ಎರಡು ದಾಳ, ಚಿತ್ರ ಬರೆದ ಇಸ್ಪೀಟಿನಂಥ ಎಲೆಗಳು, ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದ ಬೀದಿಗಳ ನಕ್ಷೆ, ರಟ್ಟಿನಲ್ಲಿ ಕತ್ತರಿಸಿದ ಮೂರು ಪುಟ್ಟ ಮಕ್ಕಳು. ನಾನು ತಟ್ಟೆ ಇಟ್ಟು ಕೈಮುಗಿದೆ.

"ಎಂತ ಅಮ್ಮಾ ಇದ್? ಇವತ್ತ್ ಹಬ್ಬವಾ?"

"ನನ್ನ ಸೊಸೆಗೆ ಒಂದು ಪ್ರಶ್ನೆ ನೋಡ್ಬೇಕಿತ್ತು. ಸಂತಾನದ ಬಗ್ಗೆ."

ಅವರು ತಟ್ಟೆಯನ್ನು ನೋಡಿದರು, ದಾಳವನ್ನು ನೋಡಿದರು. ಆಮೇಲೆ ಅರ್ಥವಾಗಿ ನಗು ಉಕ್ಕಿ ಬಂತು. ನನ್ನ ಮುಖ ನೋಡಿ ಆ ನಗುವನ್ನು ಅಲ್ಲೇ ನುಂಗಿಕೊಂಡರು.

"ಕೂಕಣಿ" ಎಂದು ಕುರ್ಚಿ ಎಳೆದರು. "ಇದ್ ಆಟ ಅಮ್ಮಾ. ಊರ್ ಬಿಟ್ಟ್ ಹೋಪತಿಗೆ ಮೇಲಿನ ಮನೆಯವ್ರ್ ಕೊಟ್ಟ್ ಹೋದದ್ದ್. ಒಬ್ಬರೇ ಆಡುವ ಆಟ. ಈ ಮೂರ್ ಮಕ್ಕಳ್ ಇತ್ರಲೆ, ಇವ್ರ್ ಪತ್ತೇದಾರ್ರು. ಊರಲ್ಲಿ ಏನಾರೂ ವಿಚಿತ್ರ ನಡೆದ್ರೆ ಹುಡುಕೂದು ಇವರ ಕೆಲಸ. ಮುಂದೆ ಎಂತಾತ್ತ್ ಅಂದೇಳಿ ನಾ ದಾಳಕ್ಕೆ ಕೇಂತೆ. ದೊಡ್ಡ ಸಂಖ್ಯೆ ಬಿದ್ರೆ ಹೌದು, ಸಣ್ಣದ್ ಬಿದ್ರೆ ಇಲ್ಲ, ನಡುವಿನದ್ ಬಿದ್ರೆ 'ಹೌದು, ಆದ್ರೆ'."

"ಹಾಗಾದ್ರೆ ಹೇಳ್ತದಲ್ಲ! ನನಗೂ ಒಂದು ಹಾಕಿ."

"ಇದ್ ಇಲ್ಲದ ಮಕ್ಕಳ ಬಗ್ಗೆ ಮಾತ್ರ ಹೇಳತ್ತ್ ಅಮ್ಮಾ."

"ನಾನು ಕೇಳುವುದೂ ಇಲ್ಲದ ಮಗುವಿನ ಬಗ್ಗೆಯೇ" ಎಂದೆ.

ಅವರು ನನ್ನ ತಟ್ಟೆಯನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿದರು. ಆಮೇಲೆ ಕರವಸ್ತ್ರದಲ್ಲಿ ಕೈ ಒರೆಸಿಕೊಂಡು ಎರಡೂ ದಾಳಗಳನ್ನು ಪೆಟ್ಟಿಗೆಯೊಳಗೆ ಇಟ್ಟು ಮುಚ್ಚಿದರು. "ಇಲ್ಲ ಬಿದ್ರೆ ನೀವ್ ಮನೆಗ್ ಹ್ಯಾಂಗ್ ಹೋತ್ರಿ? ನಾ ಹ್ಯಾಂಗ್ ಕಳ್ಸಲಿ?" ಎಂದರು. ಅವತ್ತು ಅವರು ಆಡಲಿಲ್ಲ. ತೆಂಗಿನಕಾಯಿ ಒಡೆದು ನನಗೊಂದು ಹೋಳು ಕೊಟ್ಟು, ತಾವೊಂದು ಹೋಳು ಕಚ್ಚಿ ತಿಂದರು.

ಹಾಗೆ ಶುರುವಾದದ್ದು. ಮನೆಕೆಲಸ ಮುಗಿಸಿ ನಾನು ಅವರ ಕಥೆ ಕೇಳಲು ಹೋಗತೊಡಗಿದೆ. ಆ ಮೂರು ಮಕ್ಕಳಲ್ಲಿ ರಜಿಯಾ ಎಂಬವಳು ಧೈರ್ಯಸ್ಥೆ, ಬಾಯಿ ಜೋರು. ಗುಂಡು ಎಂಬವನಿಗೆ ನಾಯಿ ಕಂಡರೆ ಹೆದರಿಕೆ. ಲವೀನಾ ಮಾತು ಕಡಿಮೆ, ಆದರೆ ಎಲ್ಲವನ್ನೂ ಮೊದಲು ನೋಡುವವಳು ಅವಳೇ. ಆಟದ ಪುಸ್ತಕದಲ್ಲಿ ಯಾವುದೋ ದೂರದೇಶದ ಊರಿತ್ತಂತೆ. ಇವರು ಅದನ್ನು ಬಿಟ್ಟು ರೂವಿಯನ್ನೇ ಹಾಕಿಕೊಂಡಿದ್ದರು. ಬಸ್ ನಿಲ್ದಾಣದ ಹಿಂದಿನ ಓಣಿ, ಹೊಲಿಗೆ ಅಂಗಡಿಗಳ ಸಾಲು, ಮುತ್ರಾದ ಮೀನು ಮಾರ್ಕೆಟ್, ಎಲ್ಲ ಕಡೆ ಆ ಮಕ್ಕಳು ಓಡಾಡುತ್ತಿದ್ದರು. ರಜಿಯಾ ಮಾತಾಡುವಾಗ ಇವರು ಎದ್ದು ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದರು. ಗುಂಡು ಮಾತಾಡುವಾಗ ಕುರ್ಚಿಯ ಮೇಲೆ ಕಾಲು ಎತ್ತಿಟ್ಟುಕೊಳ್ಳುತ್ತಿದ್ದರು. ತಲೆ ನರೆತ ಮನುಷ್ಯ ಹಾಗೆ ಕೂತದ್ದನ್ನು ನೋಡಿ ನನಗೆ ನಗು ತಡೆಯುತ್ತಿರಲಿಲ್ಲ.

"ನೀವು ಆಡುವವರಲ್ಲವಾ? ಕಳ್ಳ ಯಾರು ಅಂತ ನಿಮಗಾದ್ರೂ ಗೊತ್ತುಂಟಲ್ಲ?" ಎಂದು ಒಮ್ಮೆ ಕೇಳಿದೆ.

"ನಂಗೂ ಗೊತ್ತಿಲ್ಲೆ. ಅದೇ ಕಾಣಿ ಇದರ ಮಜಾ. ಹುಡುಕಿದ್ ಮೇಲೆ ಗೊತ್ತಾತ್ತ್."

'ಹೌದು, ಆದ್ರೆ' ಎಂಬುದು ಅವರ ಬಾಯಿಗೆ ಎಷ್ಟು ಅಂಟಿತ್ತೆಂದರೆ ಊಟವಾಯಿತೇ ಎಂದರೆ "ಹೌದು, ಆದ್ರೆ ಮೀನ್ ಇರ್ಲಿಲ್ಲೆ" ಎನ್ನುವರು. ನಿದ್ದೆ ಬಂತೇ ಎಂದರೆ "ಹೌದು, ಆದ್ರೆ ನಂಗಲ್ಲ, ಕಾಲಿಗೆ" ಎನ್ನುವರು. ಊರಿಗೆ ಯಾವಾಗ ಹೋಗುತ್ತೀರಿ ಎಂದು ದಿನೇಶ ಕೇಳಿದರೆ ಮಾತ್ರ 'ಹೌದು' ಇಲ್ಲ, 'ಆದ್ರೆ'ಯೂ ಇಲ್ಲ. ಲೋಟ ತೊಳೆಯಲು ಎದ್ದು ಹೋಗುತ್ತಿದ್ದರು.

ಅಷ್ಟರಲ್ಲಿ ಅಶ್ವಿನಿಗೆ ಮೂರನೇ ಸಲ ನಿಂತಿತು. ಡಾಕ್ಟರಮ್ಮ ಮಂಚ ಬಿಟ್ಟು ಏಳಬಾರದು ಎಂದರು. ತಪಾಸಣೆಗೆ ಹೋಗುವ ದಿನ ನಮಗೆಲ್ಲ ಹೆದರಿಕೆ ಲಿಫ್ಟಿನದ್ದು. ನಡುವೆ ನಿಂತರೆ ಏನು ಗತಿ? ಅವತ್ತು ಲಿಫ್ಟಿನವರು ಬೆಳಿಗ್ಗೆಯೇ ಹಳೆಯ ಕೆಲಸದ ಅಂಗಿ ಹಾಕಿಕೊಂಡು ಮೇಲೆ ಹೋಗಿ ಯಂತ್ರದ ಕೋಣೆಯಲ್ಲಿ ಏನೇನೋ ಮಾಡಿ ಬರುವರು. ಅವಳು ಇಳಿಯುವಾಗ ಇವರು ಮೆಟ್ಟಿಲಲ್ಲಿ ಲಿಫ್ಟಿನ ಜೊತೆಜೊತೆಗೇ ಇಳಿಯುವರು. ಪ್ರತಿ ಮಾಳಿಗೆಯಲ್ಲೂ ಬಾಗಿಲ ಹೊರಗಿನಿಂದ ಅವರ ದನಿ: "ಇಲ್ಲೇ ಇದ್ದೆ ಮಗಾ, ಇಲ್ಲೇ ಇದ್ದೆ." ಏದುಸಿರು ಬಿಡುತ್ತಾ, ಎಣ್ಣೆಯ ಕೈಯನ್ನು ಬೆನ್ನ ಹಿಂದೆ ಮುಚ್ಚಿಕೊಂಡು ಕೆಳಗೆ ನಿಂತಿರುವರು.

ಮಲಗಿ ಮಲಗಿ ಅಶ್ವಿನಿ ಮಾತೇ ನಿಲ್ಲಿಸಿದ್ದಳು. ಫೋನು ನೋಡುವುದಿಲ್ಲ, ಟಿವಿ ಬೇಡ. ನಾನೇ ಲಿಫ್ಟಿನವರನ್ನು ಕರೆದೆ. ಆಟದ ಪೆಟ್ಟಿಗೆ ನಮ್ಮ ಊಟದ ಮೇಜಿಗೆ ಬಂತು, ಅವಳ ಕೋಣೆಯ ಬಾಗಿಲು ತೆರೆದಿಟ್ಟೆವು. ಅವರು ಅವಳತ್ತ ನೋಡದೆ, ತಮ್ಮಷ್ಟಕ್ಕೆ ಆಡುವ ಹಾಗೆ ಆಡುತ್ತಿದ್ದರು. ಕೆಲವು ದಿನ ಒಳಗಿನಿಂದ ಸದ್ದಿಲ್ಲ. ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ, "ಅಂಕಲ್, ಗುಂಡು ಹಿಂದಿನ ಗೇಟಿನಿಂದ ಹೋಗ್ಲಿ. ಎದುರುಗಡೆ ನಾಯಿ ಉಂಟಲ್ಲ" ಎಂದಳು. ನಾನು ಅಡುಗೆ ಮನೆಯಲ್ಲಿ ನಿಂತಲ್ಲೇ ನಿಂತೆ.

"ಅದೇ ಸರಿ" ಎಂದರು ಲಿಫ್ಟಿನವರು, ದಿನವೂ ಮಾತಾಡುವವಳೇನೋ ಎಂಬಂತೆ. "ಹಿಂದಿನ ಗೇಟ್ ತೆರೆದಿತ್ತಾ ಕಾಂಬ." ದಾಳ ಉರುಳಿತು.

ಒಮ್ಮೆ ಹೀಗಾಯಿತು. ರಜಿಯಾ ಗೋಡೆ ಹಾರುವಾಗ ದಾಳ ಕೆಟ್ಟದ್ದು ಬಿತ್ತು. ಬಿದ್ದು ಕಾಲು ಮುರಿಯಿತು ಎಂದು ಆಟದ ಲೆಕ್ಕ. ಅಶ್ವಿನಿ ಒಳಗಿನಿಂದ, "ಇನ್ನೊಂದು ಸಲ ಹಾಕಿ ಅಂಕಲ್, ಯಾರು ನೋಡ್ಲಿಕ್ಕುಂಟು?" ಎಂದಳು.

"ಮಕ್ಕಳ್ ಕಾಣ್ತಾ ಇತ್ರಲೆ" ಎಂದರು ಅವರು. "ಬಿದ್ದದ್ ಬಿದ್ದದ್ದೇ. ಖಲಾಸ್." ಆದರೆ ಆಮೇಲೆ ಅವತ್ತೂ ಮರುದಿನವೂ ಅವರಿಗೆ ಊಟ ಸೇರಲಿಲ್ಲ. ರಟ್ಟಿನ ರಜಿಯಾಳ ಕಾಲಿಗೆ ಬಿಳಿ ಟೇಪು ಸುತ್ತಿ ಗೋಡೆಗೆ ಒರಗಿಸಿ ಕೂರಿಸಿದ್ದರು.

ಕೊನೆಗೆ ಅವರು ಆಡುತ್ತಿದ್ದದ್ದು ಬೆಕ್ಕುಗಳ ಕೇಸು. ರೂವಿಯ ಬೀದಿ ಬೆಕ್ಕುಗಳ ಕುತ್ತಿಗೆಯಲ್ಲಿ ಒಂದೊಂದಾಗಿ ಪುಟ್ಟ ಗಂಟೆ ಕಾಣಿಸತೊಡಗಿದೆ. ಯಾರು ಕಟ್ಟುತ್ತಿದ್ದಾರೆ? ಯಾಕೆ? ಅಶ್ವಿನಿಗೆ ಅದರದ್ದೇ ಧ್ಯಾನ. ಊಟ ಕೊಡಲು ಹೋದರೆ, "ಅತ್ತೆ, ಟೈಲರ್ ಅಲ್ಲ, ಅವನಿಗೆ ಬೆಕ್ಕು ಕಂಡ್ರೆ ಆಗುವುದಿಲ್ಲ" ಎನ್ನುವಳು. ಏಳು ತಿಂಗಳು ತುಂಬುತ್ತಾ ಬಂದಿತ್ತು. ಅವಳ ಕೆನ್ನೆಗೆ ರಕ್ತ ಬಂದಿತ್ತು.

ಅಂಥ ದಿನಗಳಲ್ಲೇ ಒಂದು ಬೆಳಿಗ್ಗೆ ಕಾವಲುಗಾರ ಓಡಿ ಬಂದು ದಿನೇಶನನ್ನು ಕರೆದ. ಲಿಫ್ಟಿನವರು ಮೀನಿನ ಚೀಲ ಪಕ್ಕದಲ್ಲಿಟ್ಟುಕೊಂಡು, ಮೆಟ್ಟಿಲ ತಿರುವಿನಲ್ಲಿ ಗೋಡೆಗೆ ಒರಗಿ ಕೂತಿದ್ದರು. ದಣಿವಾರಿಸಿಕೊಳ್ಳಲು ಕೂತವರ ಹಾಗೆಯೇ. ಹೃದಯ ನಿಂತಿತ್ತು.

ನಾನು ಹೋಗಿ ನೋಡಿದೆ. ಅಳಲು ಆಗಲಿಲ್ಲ, ಮೇಲೆ ಬಾಗಿಲು ತೆರೆದಿತ್ತು, ಒಳಗೆ ಅವಳು ಎಚ್ಚರವಿದ್ದಳು. ದಿನೇಶ ನನ್ನ ತೋಳು ಹಿಡಿದು, "ಅಮ್ಮ, ಅವಳಿಗೆ ಹೇಳ್ಲಿಕ್ಕಿಲ್ಲ. ಡಾಕ್ಟ್ರು ಏನು ಹೇಳಿದ್ದಾರೆ ಗೊತ್ತುಂಟಲ್ಲ" ಎಂದ. ಆಸ್ಪತ್ರೆ, ಪೊಲೀಸು, ಕಾಗದಪತ್ರ, ಎಲ್ಲಕ್ಕೂ ಅವನೇ ಓಡಿದ. ದೇಹ ವಿಮಾನದಲ್ಲಿ ತಂಗಿಯ ಮನೆಗೆ ಹೋಯಿತು. ಅವರು ಹೋಗುವಾಗ ನಾನು ಅಶ್ವಿನಿಗೆ ಗಂಜಿ ಕುಡಿಸುತ್ತಿದ್ದೆ.

ಅವರು ತೀರಿಕೊಂಡ ದಿನ ಮಧ್ಯಾಹ್ನವೇ ಅವಳು, "ಅಂಕಲ್ ಇವತ್ತು ಬರಲಿಲ್ಲ?" ಎಂದು ಕೇಳಿದ್ದಳು.

"ಸಲಾಲಾಕ್ಕೆ ಹೋದರು" ಎಂದೆ. ಹೇಗೆ ಬಾಯಿಗೆ ಬಂತೋ ಗೊತ್ತಿಲ್ಲ. "ಅಲ್ಲಿ ಹೊಸ ಕಟ್ಟಡಕ್ಕೆ ಲಿಫ್ಟ್ ಕೂರಿಸ್ಲಿಕ್ಕುಂಟಂತೆ. ಕಂಪನಿಯವರು ಮತ್ತೆ ಕರೆಸಿಕೊಂಡರು. ಅವರ ಫೋನು ನೀರಿಗೆ ಬಿದ್ದು ಹಾಳಾಗಿದೆಯಂತೆ. ಸೈಟಿನ ಫೋನಿನಿಂದ ನನಗೆ ಮಾಡ್ತಾರೆ. ಅಲ್ಲಿ ಈಗ ಜಿಟಿಜಿಟಿ ಮಳೆಯಂತೆ."

"ಬೆಕ್ಕಿನ ಕೇಸು?"

"ಫೋನಿನಲ್ಲಿ ಹೇಳ್ತೇನೆ, ನೀವು ದಾಳ ಹಾಕಿ ಅಂದಿದ್ದಾರೆ."

ಮರುದಿನ ಮಧ್ಯಾಹ್ನ ನಾನು ಊಟದ ಮೇಜಿನ ಮುಂದೆ ಕೂತೆ. ಪೆಟ್ಟಿಗೆ ಬಿಚ್ಚಿದೆ. ಆಟದ ಪುಸ್ತಕ ಇಂಗ್ಲಿಷಿನಲ್ಲಿ. ನನಗೆ ಅದು ಇರುವೆ ಸಾಲು. ಫೋನನ್ನು ಕಿವಿಗಿಟ್ಟುಕೊಂಡೆ. ಅದರಲ್ಲಿ ಯಾರೂ ಇರಲಿಲ್ಲ. "ಹಾಂ, ಹೇಳಿ... ಆಯ್ತು... ಲವೀನಾ ಮೀನು ಮಾರ್ಕೆಟ್ಟಿಗೆ ಹೋದಳಾ? ತಡೆಯಿರಿ, ದಾಳ ಹಾಕ್ತೇನೆ" ಎಂದು ಗಟ್ಟಿಯಾಗಿ ಹೇಳಿ ಹಾಕಿದೆ. ದೊಡ್ಡದೇ ಬಿತ್ತು. ಹೌದು, ಹೋದಳು. ಆಮೇಲೆ? ಆಮೇಲೆ ಏನೆಂದು ನನಗೂ ಗೊತ್ತಿರಲಿಲ್ಲ. ಫೋನು ಕಿವಿಯಲ್ಲೇ ಇಟ್ಟುಕೊಂಡು ಕಾದೆ. ಅವರು ಹೇಳಿಕೊಡುತ್ತಾರೆಂದು ನಿಜವಾಗಿ ಕಾದೆ. ಒಳಗಿನಿಂದ ಅಶ್ವಿನಿ, "ಏನಂತೆ ಅತ್ತೆ?" ಎಂದಾಗ ಎಚ್ಚರವಾಯಿತು. "ಅಲ್ಲಿ ಒಂದು ಬೆಕ್ಕಿನ ಗಂಟೆಯ ಸದ್ದೇ ಬೇರೆ ಇದೆಯಂತೆ" ಎಂದೆ.

ಹಾಗೆ ದಿನವೂ ಆಡಿದೆ. ಆಡುತ್ತಾ ಆಡುತ್ತಾ ನನಗೆ ಅವರು ಮಕ್ಕಳನ್ನು ಯಾಕೆ ಬಿಡುತ್ತಿರಲಿಲ್ಲ ಎಂಬುದು ತಿಳಿಯಿತು. ಮೇಜಿನ ಮುಂದೆ ಕೂತರೆ ಆ ಮೂವರೂ ಏನು ಮಾಡೋಣ ಹೇಳಿ ಎಂದು ಮುಖ ನೋಡುತ್ತಿರುತ್ತಾರೆ. ಬಿಟ್ಟೇಳುವುದು ಹೇಗೆ? ಗುಂಡುವಿಗೆ ಹಸಿವಾಗಿದೆ ಎಂದು ಅನ್ನಿಸಿಬಿಡುತ್ತಿತ್ತು. ನನ್ನ ಆಟದಲ್ಲಿ ಮಕ್ಕಳು ಮೊದಲು ಕೈಕಾಲು ತೊಳೆದು, ಏನಾದರೂ ತಿಂದು, ಆಮೇಲೆ ಪತ್ತೇದಾರಿಕೆಗೆ ಹೊರಡುತ್ತಿದ್ದರು. ಇನ್ನೊಂದು ಮಾತು. ಕೆಟ್ಟದ್ದು ಬಿದ್ದರೆ ನಾನು ಸದ್ದಿಲ್ಲದೆ ದಾಳ ಎತ್ತಿ ಇನ್ನೊಮ್ಮೆ ಹಾಕುತ್ತಿದ್ದೆ. ಸೆರಗು ಹಾಸಿ ಹಾಕುತ್ತಿದ್ದೆ, ಉರುಳಿದ್ದು ಕೇಳಬಾರದೆಂದು. ಒಳಗೆ ಆ ಹುಡುಗಿ ಉಸಿರು ಬಿಗಿಹಿಡಿದು ಕೇಳುತ್ತಿರುವಾಗ ರಟ್ಟಿನದ್ದೇ ಆಗಲಿ, ಒಂದು ಮಗುವಿಗೆ ಪೆಟ್ಟಾಯಿತು ಎಂದು ನನ್ನ ಬಾಯಿಂದ ಹೇಗೆ ಹೇಳಲಿ? ಲಿಫ್ಟಿನವರು ಇದ್ದಿದ್ದರೆ ಒಪ್ಪುತ್ತಿರಲಿಲ್ಲ. ಕುರ್ಚಿ ಹಿಂದೆ ತಳ್ಳಿ ಎದ್ದು ಹೋಗುತ್ತಿದ್ದರು.

ಸೈಟಿನ ಫೋನಿನ ನಂಬರು ಕೊಡಿ ಎಂದು ಅಶ್ವಿನಿ ಒಮ್ಮೆಯೂ ಕೇಳಲಿಲ್ಲ. ನನ್ನ ಪುಣ್ಯ ಎಂದುಕೊಂಡೆ.

ಕೇಸು ಬೇಗ ಮುಗಿಸಬಾರದು, ಅವಳಿಗೆ ಕಾಯಲು ಒಂದು ಇರಲಿ ಎಂದು ಎಳೆದೆ. ಆದರೆ ದಾಳ ನನ್ನ ಮಾತು ಕೇಳಬೇಕಲ್ಲ. ಒಂದು ಮಧ್ಯಾಹ್ನ ಮಕ್ಕಳು ಮುತ್ರಾದ ಸಮುದ್ರದ ಬದಿಯಲ್ಲಿ ಒಬ್ಬ ಕುರುಡ ಅಜ್ಜನನ್ನು ಕಂಡರು. ಬೆಕ್ಕುಗಳಿಗೆ ಮೀನು ಹಾಕುವವನು ಅವನು. ಗಂಟೆ ಕಟ್ಟಿದ್ದು ಇವನೇ ಏನು ಎಂದು ಕೇಳಿ ಹಾಕಿದೆ. ಹೌದು. ಯಾಕೆ ಎಂಬುದು ದಾಳಕ್ಕೆ ಹೇಳಲು ಬರುವುದಿಲ್ಲ, ಅದನ್ನು ನಾವೇ ಹುಡುಕಿಕೊಳ್ಳಬೇಕು. ಫೋನು ಕಿವಿಗಿಟ್ಟುಕೊಂಡು ಕೂತೆ. "ಒಂದೊಂದು ಬೆಕ್ಕಿಗೆ ಒಂದೊಂದು ಸದ್ದಿನ ಗಂಟೆಯಂತೆ" ಎಂದೆ. "ಅವನಿಗೆ ಕಣ್ಣು ಕಾಣುವುದಿಲ್ಲವಲ್ಲ. ಊಟದ ಹೊತ್ತಿಗೆ ಎಲ್ಲವೂ ಬಂದವಾ, ಯಾವುದು ಬರಲಿಲ್ಲ ಅಂತ ಅವನಿಗೆ ಗೊತ್ತಾಗಬೇಕಂತೆ." ಅಷ್ಟು ಹೇಳಿ ಫೋನು ಕೆಳಗಿಟ್ಟೆ. ಒಳಗಿನಿಂದ ಅಶ್ವಿನಿ, "ಚಂದ ಆಯ್ತು ಅತ್ತೆ" ಎಂದಳು. ಅದೇ ಸಂಜೆ ಅವಳಿಗೆ ನೋವು ಶುರುವಾಯಿತು.

ಎಲ್ಲ ಬೇಗ ಆಯಿತು, ಹೊತ್ತಿಗೆ ಮುಂಚೆಯೇ ಆಯಿತು. ಲಿಫ್ಟ್ ನಡುವೆ ನಿಲ್ಲದೆ ಇಳಿಯಿತು. ನಾನು ಮೆಟ್ಟಿಲಲ್ಲಿ ಇಳಿದೆ, ಅವರು ಇಳಿಯುತ್ತಿದ್ದ ಹಾಗೆ, ಪ್ರತಿ ಮಾಳಿಗೆಯಲ್ಲೂ ಬಾಗಿಲಿಗೆ ಬಾಯಿಟ್ಟು ಕೂಗುತ್ತಾ. ಮಗು ಒಂದು ಮೊಳ ಉದ್ದವೂ ಇರಲಿಲ್ಲ. ಗಾಜಿನ ಪೆಟ್ಟಿಗೆಯ ಮುಂದೆ ನಿಂತು ನೋಡುವುದೇ ನಮ್ಮ ದಿನಚರಿಯಾಯಿತು. ಆ ದಿನಗಳ ಬಗ್ಗೆ ಈಗ ಬರೆಯುವುದಿಲ್ಲ. ಮನೆಗೆ ಬಂದಾಯಿತಲ್ಲ!

ಮಗು ಎದ್ದಿತು. ಅಡುಗೆಯೂ ಆಗಬೇಕು. ಉಳಿದದ್ದು ಆಮೇಲೆ.

ನಿನ್ನೆ ಅಲ್ಲಿಗೆ ನಿಲ್ಲಿಸಿದ್ದೆ. ಸಂಜೆಯದ್ದನ್ನು ಇವತ್ತು ಬರೆಯುತ್ತಿದ್ದೇನೆ.

ಬರ್ಕಾದಿಂದ ಮಗಳು ಶಾಲಿನಿಯೂ ಅಳಿಯನೂ ಅಲ್ಲಿನ ತೋಟದ ಸೊಪ್ಪು, ಹೊಸ ಬಂಗುಡೆ ಮೀನು ಹಿಡಿದುಕೊಂಡು ಬಂದರು. ನಮಗೆ ಹುಳಿಖಾರದ ಬಂಗುಡೆ ಪುಳಿಮುಂಚಿ, ಕುಚ್ಚಲಕ್ಕಿ ಅನ್ನ. ಬಾಣಂತಿಗೆ ಕಾಳುಮೆಣಸು ಬೆಳ್ಳುಳ್ಳಿ ಹಾಕಿದ ಸಾರು, ತುಪ್ಪ. ಶಾಲಿನಿ ಮಗುವಿನ ಕಾಲು ನೋಡಿ, "ಅಮ್ಮ, ಇವಳ ಹೆಬ್ಬೆರಳು ನಿಮ್ಮದೇ. ಪಾಪ, ಇವಳಿಗೂ ಚಪ್ಪಲಿ ಸಿಗ್ಲಿಕ್ಕಿಲ್ಲ" ಎಂದು ತಮಾಷೆ ಮಾಡಿದಳು. ಎಲ್ಲರೂ ನಕ್ಕೆವು. ಅಶ್ವಿನಿ ಕೋಣೆಯಿಂದ ತಾನೇ ನಡೆದು ಬಂದು ಮೇಜಿನ ಮುಂದೆ ಕೂತಳು. ಎಷ್ಟು ತಿಂಗಳಾಗಿತ್ತು ಅವಳು ನಮ್ಮ ಜೊತೆ ಕೂತು ಉಂಡು! ಅನ್ನ ಬಡಿಸಿ ನಾನು ಸೌಟು ಕೆಳಗಿಟ್ಟೆ. ದಿನೇಶ ತಟ್ಟೆ ನೋಡುತ್ತಾ ಕೂತ.

"ಅಶ್ವಿನೀ, ನಿನ್ನ ಹತ್ತಿರ ಒಂದು ಮಾತು ಹೇಳ್ಲಿಕ್ಕುಂಟು."

"ಊಟ ಆದ ಮೇಲೆ ಹೇಳಿ ಅತ್ತೆ."

"ಊಟಕ್ಕೆ ಮುಂಚೆಯೇ ಹೇಳ್ಬೇಕು ಮಗಾ."

ಅವಳು ತಟ್ಟೆಯ ಅಂಚನ್ನು ಬೆರಳಿನಲ್ಲಿ ಸವರುತ್ತಾ ಕೇಳಿದಳು. "ಅಂಕಲ್ ವಿಷಯ ಅಲ್ವಾ?"

"ಹೌದು."

"ಅವರು ಸಲಾಲಾದಲ್ಲಿ ಇಲ್ಲ ಅಲ್ವಾ?"

"ಇಲ್ಲ."

"ಎಲ್ಲಿಯೂ ಇಲ್ಲ ಅಲ್ವಾ?"

"ಇಲ್ಲ ಮಗಾ" ಎಂದೆ. ಸಂಜೆಗೆಂದು ಕೂಡಿಸಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ಬೇಕಾಗಲಿಲ್ಲ.

ಅವಳು 'ಹೂಂ' ಎಂದಳು. ಕಣ್ಣಿನಿಂದ ನೀರು ಸುಮ್ಮನೆ ಇಳಿಯಿತು. ಒರೆಸಿಕೊಳ್ಳಲಿಲ್ಲ. "ನನಗೆ ಅನ್ನಿಸಿತ್ತು. ಅಂಕಲ್ ಆಡುವಾಗ ದಿನಾ ಯಾರಾದ್ರೂ ಬೀಳ್ತಿದ್ರು, ಜಗಳ ಆಡ್ತಿದ್ರು, ದಾರಿ ತಪ್ತಿದ್ರು. ನಿಮ್ಮ ಕೈಯಲ್ಲಿ ಒಂದು ಮಗುವೂ ಬೀಳಲಿಲ್ಲ ಅತ್ತೆ" ಎಂದಳು.

ದಿನೇಶ ತಲೆ ಎತ್ತಿದ. "ಮತ್ತೆ ನೀನು ಕೇಳ್ಲಿಲ್ಲ ಯಾಕೆ?"

"ಕೇಳಿದ್ರೆ ಅತ್ತೆ ಹೇಳ್ಬಿಡ್ತಿದ್ರು" ಎಂದಳು. "ನನಗೆ ಆಗ ಅವರು ಬೇಕಿತ್ತು."

ಶಾಲಿನಿ ಎದ್ದು ಹೋಗಿ ಅವಳ ಹಿಂದೆ ನಿಂತು ಭುಜ ಹಿಡಿದುಕೊಂಡಳು. ಆಗ ಅಶ್ವಿನಿಯ ಅಳು ದನಿಯಾಗಿ ಹೊರಬಂತು. ಲಿಫ್ಟಿನವರು ಸತ್ತ ದಿನ ನಮ್ಮ ಮನೆಯಲ್ಲಿ ಯಾರೂ ಅಳಬಾರದಿತ್ತಲ್ಲ. ಆ ಅಳು ಅಷ್ಟೂ ಈಗ ಬಂತು, ನನ್ನದೂ ದಿನೇಶನದೂ ಸೇರಿ. ಎಲ್ಲಿ, ಹೇಗೆ, ಯಾರು ನೋಡಿದ್ದು ಎಂದು ಅವಳು ಒಂದೊಂದಾಗಿ ಕೇಳಿದಳು. ದಿನೇಶ ಎಲ್ಲವನ್ನೂ ಹೇಳಿದ. ಮೆಟ್ಟಿಲ ತಿರುವಿನ ಮಾತು ಬಂದಾಗ ಅವಳು ಕಣ್ಣು ಮುಚ್ಚಿಕೊಂಡಳು. ನಮ್ಮ ಅಳಿಯ ಅವರನ್ನು ಒಂದೆರಡು ಸಲ ನೋಡಿದವನಷ್ಟೇ, ಅವನೂ ಮುಖ ತಿರುಗಿಸಿಕೊಂಡು ಕೂತ.

ಅಷ್ಟರಲ್ಲಿ ಒಳಗಿನಿಂದ ಮಗು ತಾನೂ ಒಂದು ಜನ ಇದ್ದೇನೆ ಎಂಬಂತೆ ಕೂಗಿತು. ಎಂಥ ದನಿ! ನಳಿಗೆಯಲ್ಲಿ ಉಸಿರಾಡಿದ್ದು ಇದೇ ಹುಡುಗಿಯಾ ಎನ್ನುವಂತೆ. ದಿನೇಶ ಓಡಿ ಹೋಗಿ ಎತ್ತಿಕೊಂಡು ಬಂದ. ಹಿಡಿಯಲು ಬಾರದೆ ಮಣ್ಣಿನ ಮಡಕೆ ಹಿಡಿದವನ ಹಾಗೆ ತಂದ. ನಾನು ತೆಗೆದುಕೊಂಡು ಎಡತೋಳಿನಲ್ಲಿ ಮಲಗಿಸಿಕೊಂಡೆ. ಸುಮ್ಮನಾದಳು.

"ತಿನ್ನು ಮಗಾ, ಆರಿ ಹೋಗ್ತದೆ" ಎಂದೆ.

ಅಶ್ವಿನಿ ಸೆರಗಿನಿಂದ ಮುಖ ಒರೆಸಿಕೊಂಡು ಅನ್ನ ಕಲಸಿದಳು. ಅಳುತ್ತಲೇ ಒಂದು ತುತ್ತು ತಿಂದಳು. ನಡುವೆ ಬಿಕ್ಕಿದಳು, ನೀರು ಕುಡಿದಳು, ಮತ್ತೆ ತಿಂದಳು. ದಿನೇಶ ನನ್ನ ತಟ್ಟೆಗೆ ಬಂಗುಡೆಯ ಮುಳ್ಳು ಬಿಡಿಸಿ ಹಾಕಿದ. ಬಲಗೈ ಒಂದೇ ಸಾಕಾಯಿತು ನನಗೆ. ಶಾಲಿನಿ ಅಳಿಯನಿಗೆ ಎರಡನೇ ಸಲ ಅನ್ನ ಬಡಿಸಿದಳು. ಯಾರೂ ಬೇಗ ಏಳಲಿಲ್ಲ.

"ಸಾರು ಇನ್ನೊಂದು ಸೌಟು ಹಾಕಿ ಅತ್ತೆ" ಎಂದಳು ಅಶ್ವಿನಿ.

ಮಗುವನ್ನು ದಿನೇಶನ ಕೈಗೆ ಕೊಟ್ಟು, ಎದ್ದು ಹಾಕಿದೆ.